ಸತ್ಯಾಂಶ: ಸಂಸ್ಥಾನ ಹೋಯಿತು, ಆಸ್ತಿ ಹೋಗಲಿಲ್ಲ

‘ನೆಪೋಲಿಯನ್ ರಾಜ್ಯ ಕಿತ್ತುಕೊಂಡ, ಜರ್ಮನಿಯ ದೊರೆ ಮ್ಯಾಕ್ಸಿಮಿಲಿಯನ್ ನಿರ್ಗತಿಕನಾಗಿ ಅಮೆರಿಕದ ಕಾಡು ಸೇರಿದ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದ್ದರೆ ಅದರಲ್ಲಿ ನಿಜ ಅರ್ಧಕ್ಕಿಂತ ಕಡಿಮೆ.

ಜರ್ಮನಿಯ ರೈನ್ ನದಿ ದಂಡೆಯಲ್ಲಿ ಮ್ಯಾಕ್ಸಿಮಿಲಿಯನ್‌ನ ಮನೆತನ ಆಳುತ್ತಿದ್ದ ವೀಡ್-ನಾಯ್‌ವೀಡ್ ಸಂಸ್ಥಾನ 1806ರಲ್ಲಿ ಸ್ವತಂತ್ರ ಆಳ್ವಿಕೆ ಕಳೆದುಕೊಂಡದ್ದು ಹೌದು. ನೆಪೋಲಿಯನ್ ಕಟ್ಟಿದ ಜರ್ಮನ್ ಸಂಸ್ಥಾನಗಳ ಕೂಟವಾದ ರೈನ್ ಒಕ್ಕೂಟದ ಒಪ್ಪಂದದಂತೆ ಅದು ನಸ್ಸಾವು ಎಂಬ ಇನ್ನೊಂದು ಜರ್ಮನ್ ಸಂಸ್ಥಾನಕ್ಕೆ ಸೇರಿತು, 1815ರಲ್ಲಿ ಪ್ರಷ್ಯಾ ಎಂಬ ದೊಡ್ಡ ಜರ್ಮನ್ ರಾಜ್ಯಕ್ಕೆ. ಆದರೆ ಕೈತಪ್ಪಿದ್ದು ರಾಜ್ಯಾಧಿಕಾರ ಮಾತ್ರ. ಅರಮನೆ, ಕಾಡು, ಜಮೀನು ಮನೆತನದ ಬಳಿಯೇ ಉಳಿದವು. ಆಳುವ ಮನೆತನಗಳಿಗೆ ಸಮನಾದ ಅಂತಸ್ತನ್ನೂ 1815ರ ಜರ್ಮನ್ ಒಕ್ಕೂಟದ ಕಾಯ್ದೆಯ 14ನೇ ವಿಧಿ ಇಂಥ ಮನೆತನಗಳಿಗೆ ಉಳಿಸಿಕೊಟ್ಟಿತು.

ಅಷ್ಟಕ್ಕೂ ಮ್ಯಾಕ್ಸಿಮಿಲಿಯನ್ (1782–1867) ದೊರೆಯೇ ಅಲ್ಲ. ಪಟ್ಟ ಇದ್ದದ್ದು ಅಣ್ಣನಿಗೆ. ಈತ ಪ್ರಷ್ಯಾದ ಸೈನ್ಯಾಧಿಕಾರಿ, ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಬ್ಲೂಮೆನ್‌ಬಾಖ್ ಬಳಿ ಕಲಿತ ನಿಸರ್ಗ ವಿಜ್ಞಾನಿ. 1815–17ರಲ್ಲಿ ಬ್ರೆಜಿಲ್, 1832–34ರಲ್ಲಿ ಉತ್ತರ ಅಮೆರಿಕ ಸುತ್ತಿದ. ಎರಡನೇ ಸಲ ಚಿತ್ರಕಾರ ಕಾರ್ಲ್ ಬೋಡ್ಮರ್‌ನನ್ನೂ ಬೇಟೆಗಾರ ಡ್ರೈಡೊಪೆಲ್‌ನನ್ನೂ ಜೊತೆಗೆ ಕರೆದೊಯ್ದ. ಬರಿಗೈಯವನ ಪ್ರಯಾಣ ಹೀಗಿರುವುದಿಲ್ಲ! ‘ಬ್ಯಾರನ್ ಬ್ರೌನ್ಸ್‌ಬರ್ಗ್’ ಎಂಬ ಹೆಸರಿಟ್ಟುಕೊಂಡಿದ್ದೂ ಬಡತನ ಮುಚ್ಚಲು ಅಲ್ಲ. ರಾಜಮನೆತನದವರು ಸದ್ದಿಲ್ಲದೆ ತಿರುಗಾಡಲು ಬಳಸುತ್ತಿದ್ದ ರೂಢಿ ಅದು.

ಕಷ್ಟ ಬಂದದ್ದು ಬೇರೆ ಕಡೆಯಿಂದ. 1833–34ರ ಚಳಿಗಾಲವನ್ನು ಅಮೆರಿಕದ ಮಿಸೌರಿ ನದಿ ದಂಡೆಯ ಫೋರ್ಟ್ ಕ್ಲಾರ್ಕ್ ಎಂಬ ವ್ಯಾಪಾರ ಕೋಟೆಯಲ್ಲಿ ಕಳೆದಾಗ ತಾಜಾ ಆಹಾರವಿಲ್ಲದೆ ಸ್ಕರ್ವಿ ರೋಗ ತಗುಲಿತು. ವಸಂತದಲ್ಲಿ ಸಿಕ್ಕ ಕಾಡು ಈರುಳ್ಳಿಯ ಜಾತಿಯ ಗಿಡದಿಂದ ಚೇತರಿಸಿಕೊಂಡ. ಹಿಂದೆ ಬಿಟ್ಟುಬಂದಿದ್ದ ನಿಸರ್ಗ ಮಾದರಿಗಳ ಸಂಗ್ರಹದ ಬಹುಪಾಲು 1835ರಲ್ಲಿ ‘ಅಸಿನಿಬೋಯಿನ್’ ಉಗಿದೋಣಿಯ ಬೆಂಕಿಯಲ್ಲಿ ಸುಟ್ಟುಹೋಯಿತು. ಆದರೆ ಫೋರ್ಟ್ ಕ್ಲಾರ್ಕ್‌ನಲ್ಲಿ ಅವನು ಬರೆದಿಟ್ಟ ಅಲ್ಲಿನ ಮೂಲನಿವಾಸಿ ಮಂಡನ್ ಜನರ ಬದುಕಿನ ವಿವರಗಳಿಗೆ ಇಂದು ಬೆಲೆ ಕಟ್ಟಲಾಗದು: 1837ರ ಸಿಡುಬಿನಲ್ಲಿ ಆ ಜನರಲ್ಲಿ ಹೆಚ್ಚಿನವರು ಸತ್ತರು.