ಪೊರೆ ಶಸ್ತ್ರಚಿಕಿತ್ಸೆಯ ನಂತರದ ನೋವು: ಸ್ಪಷ್ಟನೆ

'ಕಣ್ಣಿನ ಪೊರೆ ತೆಗೆಸಿದ ಮೇಲೆ ಕಣ್ಣು ಕೆಂಪಾಗಿ ನೋಯುವುದು ಸಹಜ, ಹನಿ ಔಷಧ ಹಾಕುತ್ತಾ ಒಂದು ವಾರ ಕಾಯಿರಿ' ಎಂಬ ಸಂದೇಶ ಹರಿದಾಡುತ್ತಿದೆ. ದಯವಿಟ್ಟು ಇದನ್ನು ನಂಬಿ ಕಾಯಬೇಡಿ.

ಮೊದಲ ಒಂದೆರಡು ದಿನ ಮರಳು ಬಿದ್ದಂತೆ ಚುಚ್ಚುವುದು, ತುಸು ಕೆಂಪಾಗುವುದು ನಿಜಕ್ಕೂ ಸಹಜ. ಆದರೆ ಅದು ದಿನದಿಂದ ದಿನಕ್ಕೆ ಇಳಿಯಬೇಕು. ನಿನ್ನೆ ಸ್ಪಷ್ಟವಾಗಿ ಕಂಡದ್ದು ಇಂದು ಮಂಜಾಗಿ ಕಂಡರೆ, ನೋವು ಏರುತ್ತಿದ್ದರೆ, ರೆಪ್ಪೆ ಊದಿಕೊಂಡರೆ ಕಣ್ಣಿನೊಳಗೆ ಸೋಂಕು ತಗುಲಿರಬಹುದು. ವೈದ್ಯರು ಇದನ್ನು ಎಂಡಾಫ್ತಾಲ್ಮೈಟಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಮೊದಲ ವಾರದಲ್ಲೇ, ಅಂದರೆ ಸಂದೇಶವು ಕಾಯಲು ಹೇಳುವ ದಿನಗಳಲ್ಲೇ, ಇದು ತಲೆದೋರುತ್ತದೆ. ನೋವೇ ಇಲ್ಲದೆ ದೃಷ್ಟಿ ಮಾತ್ರ ಕುಂದುವುದೂ ಉಂಟು.

ಹನಿ ಔಷಧವೊಂದೇ ಇದಕ್ಕೆ ಸಾಲದು. ಕಣ್ಣಿನ ಒಳಭಾಗಕ್ಕೆ ಅದು ಬೇಕಾದಷ್ಟು ಪ್ರಮಾಣದಲ್ಲಿ ತಲುಪುವುದಿಲ್ಲ. ಆ್ಯಂಟಿಬಯೋಟಿಕ್ ಅನ್ನು ಕಣ್ಣಿನೊಳಗೇ ಚುಚ್ಚಬೇಕಾಗುತ್ತದೆ. ಗಂಟೆಗಳ ವಿಳಂಬವೂ ದೃಷ್ಟಿಗೆ ಎರವಾಗಬಹುದು. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆ ಮಾಡಿ.

ಹಾಗೆಂದು ಶಸ್ತ್ರಚಿಕಿತ್ಸೆಗೇ ಹೆದರಬೇಕಿಲ್ಲ. ಈ ಸೋಂಕು ಅಪರೂಪ: ಸುಸಜ್ಜಿತ ಆಸ್ಪತ್ರೆಗಳಲ್ಲಿ ಸಾವಿರಕ್ಕೆ ಒಬ್ಬರಿಗೆ, ಅಥವಾ ಅದಕ್ಕಿಂತಲೂ ಕಡಿಮೆ. ಬಹುಪಾಲು ರೋಗಾಣುಗಳು ರೋಗಿಯ ರೆಪ್ಪೆಯ ಮೇಲೆಯೇ ಇರುವಂಥವು. ಆದ್ದರಿಂದಲೇ ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣಿಗೆ ಪೊವಿಡೋನ್ ಅಯೋಡಿನ್ ಎಂಬ ರೋಗಾಣುನಾಶಕ ದ್ರಾವಣ ಹಾಕುತ್ತಾರೆ.