ಮಂಡಲ್‌ಪಟ್ಟಿ ಬಿಡಿ, ಗದ್ದೆ ಬದಿಯ ರಸ್ತೆ ಹಿಡಿಯಿರಿ

ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಮೆಸೆಂಜರ್‌ನಲ್ಲಿ ಪ್ರಶ್ನೆ ಶುರು. "ಸರ್, ಕೊಡಗಲ್ಲಿ ಎಂಟಿಬಿಗೆ (ಮೌಂಟನ್ ಬೈಕ್ ಸೈಕಲ್‌ಗೆ) ಒಳ್ಳೇ ಟ್ರೇಲ್ ಯಾವುದು?" ಕೇಳುವವರ ಬಳಿ ಉತ್ತರವೂ ರೆಡಿ ಇರುತ್ತದೆ: ಮಂಡಲ್‌ಪಟ್ಟಿ. ನಾನು ಹೂಂ ಅನ್ನಬೇಕು, ಅಷ್ಟೇ.

ನಾನು ಹೂಂ ಅನ್ನುವುದಿಲ್ಲ. ಮಂಡಲ್‌ಪಟ್ಟಿ ದಾರಿ ಜೀಪಿನ ದಾರಿ. ಚಕ್ರಗಳಿಗೆ ಸಿಕ್ಕಿ ಸಡಿಲಾದ ಕಲ್ಲು, ಮಳೆಗಾಲದಲ್ಲಿ ನೀರು ಕೊರೆದ ಗುಂಡಿ, ಶನಿವಾರ ಭಾನುವಾರವಾದರೆ ಒಂದರ ಹಿಂದೆ ಒಂದು ಜೀಪು. ಹತ್ತುವಾಗ ಅರ್ಧ ದೂರ ಸೈಕಲ್ ತಳ್ಳಿಕೊಂಡೇ ಹೋಗಬೇಕು. ಇಳಿಯುವಾಗ ತಿರುವಿನಲ್ಲಿ ಜೀಪು ಎದುರಾದರೆ ಸೈಡ್ ಕೊಡಲು ಜಾಗವಿಲ್ಲ. ಮೇಲಿನ ಹುಲ್ಲುಗುಡ್ಡ ಚೆಂದ, ಅದಕ್ಕೆ ಎರಡು ಮಾತಿಲ್ಲ. ಆದರೆ ಅದು ನೋಡುವ ಜಾಗ, ಸೈಕಲ್ ತುಳಿಯುವ ಜಾಗವಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಬರುವವರೇ ಜಾಸ್ತಿ.

ನನ್ನ ಪ್ರಕಾರ ಕೊಡಗಿನಲ್ಲಿ ರೂಟ್ ಆರಿಸುವಾಗ ಬೆಟ್ಟದ ಹೆಸರು ಕೊನೆಗೆ ಬರಬೇಕು. ಮೊದಲು ನೋಡಬೇಕಾದದ್ದು ಮಳೆ ಯಾವ ಕಡೆಗೆ, ಜಾಗ ಯಾರದ್ದು, ಆನೆ ಎಲ್ಲಿ ಅನ್ನುವುದು.

ಜಿಲ್ಲೆ ಸಣ್ಣದು, 4,102 ಚದರ ಕಿ.ಮೀ. ಅಷ್ಟರೊಳಗೇ ಪಶ್ಚಿಮದ ಭಾಗಮಂಡಲ ಕಡೆ ಸುರಿಯುವ ಮಳೆ ಪೂರ್ವದ ಕುಶಾಲನಗರದ ಮಳೆಯ ಹಲವು ಪಟ್ಟು. ಅಕ್ಟೋಬರ್‌ನಲ್ಲಿ ಕುಶಾಲನಗರದ ಮಣ್ಣುರಸ್ತೆ ಒಣಗಿ ಧೂಳೇಳುತ್ತಿರುವಾಗ, ಪಶ್ಚಿಮದ ತೋಟಗಳ ನಡುವಿನ ಕಾಂಕ್ರೀಟ್ ರಸ್ತೆಯ ಮೇಲೆ ಇನ್ನೂ ಹಸಿರು ಪಾಚಿ. ಹೊಸಬರು ಬೀಳುವುದು ಹೆಚ್ಚಾಗಿ ಅಲ್ಲೇ. ಮಣ್ಣಿನಲ್ಲಿ ಹುಷಾರಾಗಿರುತ್ತಾರೆ, ಕಾಂಕ್ರೀಟ್ ಕಂಡ ತಕ್ಷಣ ಬ್ರೇಕ್ ಬಿಡುತ್ತಾರೆ. ಮೇಲೆ ಸಿಲ್ವರ್ ಓಕ್ ಎಲೆ ಬಿದ್ದು ಒದ್ದೆಯಾಗಿದ್ದರೆ 2.2 ಇಂಚಿನ ಟೈರ್ ಇದ್ದರೂ ಚಕ್ರ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಕಡೆ ಬರಲೇಬೇಡಿ ಅಂತಲೇ ನಾನು ಹೇಳುವುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಕುಸಿದು ಏನಾಯಿತು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಹೇಗೆ ಜಾರಿತು ಅನ್ನುವುದನ್ನು ಇಲ್ಲಿಯವರು ಮರೆತಿಲ್ಲ. ಬರೆ (ಕಡಿದಾದ ಮಣ್ಣಿನ ಗೋಡೆ) ಕುಸಿದ ಜಾಗಕ್ಕೆ ಹೋಗಿ ಅಡ್ವೆಂಚರ್ ಅಂತ ಫೋಟೊ ಹಾಕುವವರನ್ನು ಕಂಡರೆ ಮೈ ಉರಿಯುತ್ತದೆ.

ಇನ್ನು ಏರು. ಆ್ಯಪ್ ತೋರಿಸುವ ಸರಾಸರಿ ಏರನ್ನು ನಂಬಿದರೆ ಕೆಟ್ಟಿರಿ. ಇಲ್ಲಿನ ರಸ್ತೆ ಗದ್ದೆಗೆ ಇಳಿಯುತ್ತದೆ, ತೋಟಕ್ಕೆ ಹತ್ತುತ್ತದೆ, ಮತ್ತೆ ಗದ್ದೆಗೆ ಇಳಿಯುತ್ತದೆ. ಸರಾಸರಿ ನಾಲ್ಕು ಪರ್ಸೆಂಟ್ ಅಂತ ತೋರಿಸಿದ ದಾರಿಯಲ್ಲೇ ಉಸಿರು ಕಟ್ಟಿಸುವ ತುಂಡುಗಳು ಅಡಗಿರುತ್ತವೆ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಸಿಕ್ಕರೆ ತೆಗೆದು ನೋಡಿ. ಅದರಲ್ಲಿ 2 ಸೆಂ.ಮೀ. ಅಂದರೆ ಒಂದು ಕಿಲೋಮೀಟರ್, ಒಂದು ಎತ್ತರದ ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್. ಆ ಎರಡು ಸೆಂಟಿಮೀಟರ್‌ನಲ್ಲಿ ನಿಮ್ಮ ದಾರಿ ಐದು ಗೆರೆ ಹತ್ತಿತು ಅಂದರೆ ಹತ್ತು ಪರ್ಸೆಂಟ್ ಏರು. ಲೋಡ್ ಕಟ್ಟಿಕೊಂಡು ಬರುವವರಿಗೆ ಅದೇ ಬೇಕಾದಷ್ಟಾಯಿತು.

ಜಾಗ ಯಾರದ್ದು ಅನ್ನುವ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಸೈಕಲ್ ಸವಾರರು ಹೋದ ದಾರಿಗಳನ್ನು ತೋರಿಸುವ ಸ್ಟ್ರಾವಾ ಆ್ಯಪ್‌ನ ಹೀಟ್‌ಮ್ಯಾಪ್‌ನಲ್ಲಿ ತೋಟದೊಳಗಿನ ದಾರಿಯೂ ಬೆಳಗುತ್ತದೆ. ಯಾರೋ ಮಾಲೀಕರ ಪರಿಚಯದಲ್ಲಿ ಹೋಗಿರುತ್ತಾರೆ, ಅದನ್ನು ನೋಡಿ ಇಪ್ಪತ್ತು ಜನ ಪಬ್ಲಿಕ್ ಟ್ರೇಲ್ ಅಂತ ನುಗ್ಗುತ್ತಾರೆ. ಕಾಫಿ ಕೊಯ್ಲಿನ ಸಮಯದಲ್ಲಿ ಆ ದಾರಿಯಲ್ಲಿ ಮೂಟೆ ಇರುತ್ತದೆ, ಜನ ಇರುತ್ತಾರೆ. ಫೆಬ್ರವರಿ ಮಾರ್ಚ್‌ನಲ್ಲಿ ರೋಬಸ್ಟಾಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪೈಪು ದಾರಿಗೆ ಅಡ್ಡ ಬಿದ್ದಿರುತ್ತದೆ. ಇಳಿಜಾರಿನ ತಿರುವಿನಲ್ಲಿ ಅದನ್ನು ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ ಹಾರಿಬಿದ್ದಿರುತ್ತೀರಿ. ಗದ್ದೆ ಏರಿಯ ಮೇಲೆ ಸೈಕಲ್ ಹತ್ತಿಸುವುದಂತೂ ಬೇಡವೇ ಬೇಡ. ಏರಿ ಒಡೆದರೆ ನೀರು ನಿಲ್ಲುವುದಿಲ್ಲ, ಅದನ್ನು ಮತ್ತೆ ಕಟ್ಟುವವರು ನೀವಲ್ಲ.

ಕೇಳಿದರೆ ಯಾರೂ ಮುಖ ತಿರುಗಿಸುವುದಿಲ್ಲ. ಗೇಟಿನ ಬಳಿ ತೋಟದ ಲೆಕ್ಕ ನೋಡುವ ರೈಟರ್ ಇದ್ದರೆ ಇಳಿದು ನಿಂತು ಕೇಳಿ.

"ಅಣ್ಣ, ಈ ದಾರೀಲಿ ಆಚೆ ರೋಡಿಗೆ ಹೋಗ್ಬಹುದಾ?"

"ಹೋಗ್ಬಹುದು. ಗೇಟ್ ಮಾತ್ರ ಹಾಕ್ಕೊಂಡು ಹೋಗಿ, ದನ ನುಗ್ತದೆ. ನಿನ್ನೆ ಸಂಜೆ ಕೆಳಗಿನ ಗದ್ದೇಲಿ ಆನೆ ಇತ್ತು, ಇವತ್ತು ಎಲ್ಲಿ ಉಂಟೋ."

ಈ ಕೊನೆಯ ವಾಕ್ಯ ಯಾವ ಆ್ಯಪ್‌ನಲ್ಲೂ ಬರುವುದಿಲ್ಲ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಸುತ್ತ ತೋಟದೊಳಗೇ ಆನೆ ಬೀಡುಬಿಟ್ಟಿರುತ್ತದೆ. ಹಲಸು ಹಣ್ಣಾಗುವ ಕಾಲದಲ್ಲಿ ಇನ್ನೂ ಜಾಸ್ತಿ. ಬೈಕು ಕಾರಾದರೆ ಸದ್ದಿಗೆ ಆನೆಗೆ ಗೊತ್ತಾಗುತ್ತದೆ. ಸೈಕಲ್‌ಗೆ ಸದ್ದೇ ಇಲ್ಲ, ಕಾಫಿ ಗಿಡದ ಮರೆಯಲ್ಲಿ ಹತ್ತಡಿ ಆಚೆ ನಿಂತಿದ್ದರೂ ಇಬ್ಬರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಆ ಭಾಗದಲ್ಲಿ ನಾನು ಏಳೂವರೆಗೆ ಮುಂಚೆ ಹೊರಡುವುದಿಲ್ಲ, ಸಂಜೆ ನಾಲ್ಕಕ್ಕೆಲ್ಲ ಸೈಕಲ್ ಒಳಗೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬರುವ ಮಹಾನುಭಾವರಿಗೆ ಏನು ಹೇಳಲಿ. ಶ್ರೀಮಂಗಲ, ಕುಟ್ಟದ ಕಡೆಯಾದರೆ ಹುಲಿಯ ಸುದ್ದಿಯನ್ನೂ ವಿಚಾರಿಸಿ.

ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರೂ ವನ್ಯಜೀವಿಧಾಮಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ, ಸೈಕಲ್ ಆದರೂ ಅಷ್ಟೇ. ಮಾತು ಮುಗಿಯಿತು.

ಹಾಗಾದರೆ ಉಳಿದದ್ದೇನು ಅನ್ನುತ್ತೀರಾ? ಉಳಿದದ್ದೇ ಕೊಡಗು. ನಾಪೋಕ್ಲುವಿನಿಂದ ಕಕ್ಕಬ್ಬೆ ಕಡೆ ಹೋಗಿ. ಒಂದು ಬದಿ ಗದ್ದೆ, ಇನ್ನೊಂದು ಬದಿ ತೋಟ, ಎದುರಿಗೆ 1,748 ಮೀಟರಿನ ತಡಿಯಂಡಮೋಳ್ ಬೆಟ್ಟ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆವರೆಗೆ ತುಳಿದು ಅಲ್ಲೇ ತಿರುಗಿಸಿ. ಅದರ ಮೇಲಿನದು ನಡೆಯುವವರ ದಾರಿ. ಕಾಲಿಗೆ ಪರೀಕ್ಷೆ ಬೇಕಿದ್ದರೆ ಭಾಗಮಂಡಲದಿಂದ ತಲಕಾವೇರಿ ದೇವಸ್ಥಾನಕ್ಕೆ ಹೋಗುವ 8 ಕಿ.ಮೀ. ಡಾಂಬರು ಏರು ಇದೆ, ಅದು ಎಲ್ಲರ ರಸ್ತೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಜನಜಾತ್ರೆಯಲ್ಲಿ ಮಾತ್ರ ಬೇಡ. ಮಕ್ಕಳನ್ನು ಕರೆತರುವವರಿಗೆ ಕುಶಾಲನಗರದಿಂದ ಹಾರಂಗಿ ಸಾಕು. ಪೊನ್ನಂಪೇಟೆಯಿಂದ ಹುದಿಕೇರಿ, ಟಿ. ಶೆಟ್ಟಿಗೇರಿ ಕಡೆಯ ಒಳರಸ್ತೆಗಳು ನನಗೆ ಎಲ್ಲಕ್ಕಿಂತ ಇಷ್ಟ.

ಮಣ್ಣೇ ಬೇಕು ಅನ್ನುವವರಿಗೆ ಓಣಿ ಇದೆ. ಎರಡೂ ಬದಿ ಆಳೆತ್ತರದ ಮಣ್ಣಿನ ಬರೆ, ಬರೆಯಿಂದ ಜೋತುಬಿದ್ದ ಬೇರು, ನಡುವೆ ಒಂದು ಗಾಡಿ ಹೋಗುವಷ್ಟೇ ಅಗಲ. ಜನವರಿಯಲ್ಲಿ ಒಣಗಿದ ಎಲೆ ಕೆಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ಚಕ್ರ ಹಳಿ ಮೇಲೆ ಹೋದ ಹಾಗೆ ಹೋಗುತ್ತದೆ. ಆದರೆ ಓಣಿ ಕೊನೆಗೆ ಮುಟ್ಟುವುದು ಯಾರದೋ ಐನ್‌ಮನೆಯ (ಕುಟುಂಬದ ಮೂಲ ಮನೆ) ಅಂಗಳಕ್ಕೆ, ಅಲ್ಲಿ ನಾಯಿ ಇದ್ದೇ ಇರುತ್ತದೆ. ವೇಗವಾಗಿ ತುಳಿದು ತಪ್ಪಿಸಿಕೊಳ್ಳುತ್ತೇನೆ ಅನ್ನಬೇಡಿ, ಇಳಿದು ಸೈಕಲ್ಲನ್ನು ಅಡ್ಡ ಹಿಡಿದು ಮನೆಯವರನ್ನು ಕೂಗಿ. ಹೋದ ಓಣಿಯ ಜಿಪಿಎಸ್ ಫೈಲನ್ನು ಎಲ್ಲರಿಗೂ ಹಂಚಬೇಡಿ. ನನ್ನನ್ನೂ ಕೇಳಬೇಡಿ, ನಾನು ಕೊಡುವುದಿಲ್ಲ. ನಾಪೋಕ್ಲುವಿನಲ್ಲಿ ಒಂದು ಟೀ ಕುಡಿದು ವಿಚಾರಿಸಿ, ದಾರಿ ಹೇಳುತ್ತಾರೆ.