ಮಾಲೀಕರು ಬೇಕಾಗಿದ್ದಾರೆ, ಹಣ ಮಾತ್ರ ಕಳಿಸಿದರೂ ಸಾಕು

ಇಂಗ್ಲೆಂಡಿನ ಫುಟ್ಬಾಲ್ ನೋಡೋಕೆ ಮೊದಲು ಆಫ್‌ಸೈಡ್ ಅಂದರೇನು ಅಂತ ಗೊತ್ತಿದ್ದರೆ ಸಾಕಿತ್ತು. ಈಗ ಸಾಲದು. ಬ್ಯಾಲೆನ್ಸ್ ಶೀಟ್ ಓದಲು ಬರಬೇಕು. ಯಾರ ಕೈಯಲ್ಲಿ ಎಷ್ಟು ಷೇರಿದೆ, ಸಾಲಕ್ಕೆ ಬಡ್ಡಿ ಎಷ್ಟು, ಕತಾರಿನ ಯಾವ ಶೇಖ್ ಯಾರ ಮಗ, ಎಲ್ಲ ಬಾಯಿಪಾಠ ಇರಬೇಕು. ತನ್ನ ಮನೆಸಾಲದ ಬಡ್ಡಿ ಫಿಕ್ಸೆಡ್ಡೋ ಫ್ಲೋಟಿಂಗೋ ಗೊತ್ತಿಲ್ಲದ ಬೆಂಗಳೂರಿನ ಹುಡುಗ ಮ್ಯಾಂಚೆಸ್ಟರ್ ಯುನೈಟೆಡ್ ಕಟ್ಟುವ ಬಡ್ಡಿಯನ್ನು ಪೌಂಡಿನಲ್ಲೂ ಡಾಲರಿನಲ್ಲೂ ಹೇಳುತ್ತಾನೆ. ಕಳೆದ ವಾರ ಗೋಲು ಹೊಡೆದದ್ದು ಯಾರು ಅಂತ ಕೇಳಿ, ಸ್ವಲ್ಪ ಯೋಚಿಸುತ್ತಾನೆ.

ಚರ್ಚೆ ಒಂದೇ. ನಮ್ಮ ಕ್ಲಬ್ಬಿಗೆ ಯಾರು ಮಾಲೀಕರಾಗಬೇಕು, ಯಾರು ನಡೆಸಬೇಕು? ಲಂಡನ್ನಿನಿಂದ ಲಿಂಗರಾಜಪುರದವರೆಗೆ ಅಭಿಮಾನಿಗಳು ಹೇಳುವುದನ್ನೆಲ್ಲ ಒಟ್ಟು ಮಾಡಿ ಪೇಪರಿಗೆ ಜಾಹೀರಾತು ಕೊಟ್ಟರೆ ಹೀಗಿರುತ್ತದೆ:

"ಪ್ರತಿಷ್ಠಿತ ಫುಟ್ಬಾಲ್ ಕ್ಲಬ್ಬಿಗೆ ಮಾಲೀಕರು ಬೇಕಾಗಿದ್ದಾರೆ. ಸಾವಿರಾರು ಕೋಟಿ ಇರಬೇಕು, ಅದು ಎಲ್ಲಿಂದ ಬಂತು ಅಂತ ಜನ ಕೇಳುವಂತಿರಬಾರದು. ಹಣ ಹಾಕಬೇಕು, ವಾಪಸ್ ಕೇಳಬಾರದು. ಚಿಕ್ಕಂದಿನಿಂದಲೇ ನಮ್ಮ ಅಭಿಮಾನಿಯಾಗಿರಬೇಕು. ಪಂದ್ಯಕ್ಕೆ ಬರಬೇಕು, ಬಾಯಿ ತೆರೆಯಬಾರದು. ಕೋಚ್ ಕೆಲಸದಲ್ಲಿ ತಲೆಹಾಕಬಾರದು. ಆದರೆ ನಾವು ಹೇಳಿದ ದಿನ ಕೋಚನ್ನು ತೆಗೆಯಬೇಕು. ಸಾಲ ಮಾಡಿ ಬರುವವರು, ಟಿಕೆಟ್ ದರ ಏರಿಸುವವರು, ಜೆರ್ಸಿಯ ಬಣ್ಣ ಬದಲಿಸುವವರು ಅರ್ಜಿ ಹಾಕುವುದು ಬೇಡ. ಖುದ್ದಾಗಿ ಬರಲು ಅನಾನುಕೂಲವಿದ್ದಲ್ಲಿ ಹಣ ಮಾತ್ರ ಕಳಿಸಿದರೂ ನಡೆಯುತ್ತದೆ."

ಈ ಅರ್ಹತೆಗೆ ತೀರಾ ಹತ್ತಿರ ಬಂದವರು ಲಂಡನ್ನಿನ ಚೆಲ್ಸಿ ಕ್ಲಬ್ಬಿನ ಮಾಲೀಕ, ರಷ್ಯಾದ ಸಾಹುಕಾರ ರೋಮನ್ ಅಬ್ರಮೊವಿಚ್. 2003ರಲ್ಲಿ ಬಂದರು. ಸಾಲ ಅನ್ನೋ ಹೆಸರಲ್ಲಿ ಸುಮಾರು 150 ಕೋಟಿ ಪೌಂಡ್ ಸುರಿದರು. ವರ್ಷಗಟ್ಟಲೆ ಮೈಕಿನ ಹತ್ತಿರ ಸುಳಿಯಲಿಲ್ಲ. ಕಪ್‌ಗಳು ಬಂದವು. 2022ರ ಮಾರ್ಚಿನಲ್ಲಿ, ಯುಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಹೊಸದರಲ್ಲಿ, ಬರ್ನ್ಲಿ ಮೈದಾನದಲ್ಲಿ ಯುಕ್ರೇನಿಗಾಗಿ ಒಂದು ನಿಮಿಷ ಚಪ್ಪಾಳೆ ಅಂತ ಗೊತ್ತಾಗಿತ್ತು. ಚೆಲ್ಸಿ ಅಭಿಮಾನಿಗಳು ಆ ನಿಮಿಷದಲ್ಲಿ ಅಬ್ರಮೊವಿಚ್ ಹೆಸರು ಕೂಗಿದರು. ಕೆಲವೇ ದಿನಗಳಲ್ಲಿ ಬ್ರಿಟನ್ ಸರ್ಕಾರ ಅವರ ಆಸ್ತಿಗೆ ತಡೆ ಹಾಕಿತು. ಉಪ್ಪು ತಿಂದ ಋಣ ಅನ್ನೋದು ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆವು.

ಮ್ಯಾಂಚೆಸ್ಟರ್ ಯುನೈಟೆಡ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಕ್ಲಬ್ಬನ್ನು ಕೊಂಡಿತು. ಬಹುಪಾಲು ಸಾಲದ ದುಡ್ಡು. ಸಾಲ ಮಾಡಿದ್ದು ಅವರು, ತೀರಿಸಬೇಕಾದ್ದು ಕ್ಲಬ್ಬು. ನಿಮ್ಮ ಮನೆ ಕೊಳ್ಳಲು ಬಂದವನು ನಿಮ್ಮ ಮನೆಯನ್ನೇ ಬ್ಯಾಂಕಿನಲ್ಲಿ ಅಡವಿಟ್ಟು, ಆ ದುಡ್ಡನ್ನೇ ನಿಮಗೆ ಎಣಿಸಿ, ಕಂತು ಮಾತ್ರ ಮನೆಯ ಬಾಡಿಗೆಯಿಂದಲೇ ಕಟ್ಟಿಕೊಂಡ ಹಾಗೆ. ಎಲ್ಲ ಕಾನೂನಿನ ಪ್ರಕಾರವೇ. ಅಲ್ಲಿಯವರೆಗೆ ಕ್ಲಬ್ಬಿಗೆ ಸಾಲವೇ ಇರಲಿಲ್ಲ. ಗ್ಲೇಜರ್ ಅಣ್ಣತಮ್ಮಂದಿರು ಮೊದಲ ಸಲ ಕ್ಲಬ್ಬಿನ ಮೈದಾನ ಓಲ್ಡ್ ಟ್ರಾಫರ್ಡ್ ನೋಡಲು ಬಂದಾಗ ಅವರನ್ನು ಪೊಲೀಸ್ ವ್ಯಾನಿನಲ್ಲಿ ಕೂರಿಸಿ ಹೊರಗೆ ಸಾಗಿಸಬೇಕಾಯಿತು.

ಈ ಕೋಪ ನ್ಯಾಯವಾದದ್ದೇ. ಕೆಲವರು ಅದನ್ನು ಕೊನೆತನಕ ಒಯ್ದರು. ಓಲ್ಡ್ ಟ್ರಾಫರ್ಡಿಗೆ ಬೆನ್ನು ಹಾಕಿ, ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ಹೊಸ ಕ್ಲಬ್ ಕಟ್ಟಿ, ಒಬ್ಬರಿಗೆ ಒಂದೇ ಮತ ಅಂದರು. ಲೀಗುಗಳ ತಳದಿಂದ ಆಡಲು ಶುರು ಮಾಡಿದರು. ಅವರಿಗೊಂದು ನಮಸ್ಕಾರ. ಅವರ ಮೇಲೆ ವಿಡಂಬನೆ ಬರೆಯಲು ಆಗುವುದಿಲ್ಲ. ವಿಡಂಬನೆಗೆ ಬೇಕಾದವರು ಅಲ್ಲೇ ಉಳಿದುಕೊಂಡವರು.

ಉಳಿದವರು ಬೈದರು, ಟಿಕೆಟ್ ತಗೊಂಡರು, ಒಳಗೆ ಹೋಗಿ ಮತ್ತೆ ಬೈದರು. ಅಷ್ಟರಲ್ಲಿ ಕೋಚ್ ಅಲೆಕ್ಸ್ ಫರ್ಗ್ಯುಸನ್ 2007, 2008, 2009, 2011, 2013ರಲ್ಲಿ ಲೀಗ್ ಗೆದ್ದುಕೊಟ್ಟರು. ಮಧ್ಯೆ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗೂ ಬಂತು. ಆ ವರ್ಷಗಳಲ್ಲೆಲ್ಲ ಬಡ್ಡಿ ಓಡುತ್ತಲೇ ಇತ್ತು. ಆದರೆ ಕಪ್ ಕೈಯಲ್ಲಿರುವಾಗ ಬಡ್ಡಿ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಲೀಗ್ ಒಂದೇ ಅಂಕದಿಂದ ಕೈತಪ್ಪಿದ ಸೀಸನ್ನಿನಲ್ಲಿ, ಅಂದರೆ 2010ರಲ್ಲಿ, ಮಾಲೀಕರು ಸಾಲಕ್ಕೆ ಹೊಸ ಬಾಂಡ್ ಬಿಟ್ಟರು. ಆಗ ಪ್ರತಿಭಟನೆಗೆ ಹಸಿರು ಮತ್ತು ಹೊಂಬಣ್ಣದ ಸ್ಕಾರ್ಫ್ ಹೊರಬಂತು. ಮೈದಾನದ ತುಂಬ ಹಸಿರು. ಎದುರಾಳಿ ತಂಡದ ಪರ ಆಡಲು ಬಂದಿದ್ದ, ಹಿಂದೆ ಯುನೈಟೆಡ್‌ನಲ್ಲೇ ಆಡಿದ್ದ ಡೇವಿಡ್ ಬೆಕಮ್ ಕೂಡ ಒಂದನ್ನು ಎತ್ತಿ ಕುತ್ತಿಗೆಗೆ ಹಾಕಿಕೊಂಡರು. ಆಮೇಲೆ ಮಾಲೀಕರ ವಿಷಯಕ್ಕೂ ತನಗೂ ಸಂಬಂಧವಿಲ್ಲ ಅಂದರು.

ಈ ಹಸಿರು, ಹೊಂಬಣ್ಣ ಎಲ್ಲಿಂದ ಬಂತು? ಕ್ಲಬ್ ಹುಟ್ಟಿದ್ದು 1878ರಲ್ಲಿ, ನ್ಯೂಟನ್ ಹೀತ್ ಅನ್ನೋ ಹೆಸರಿನಲ್ಲಿ, ರೈಲ್ವೆ ಕೆಲಸಗಾರರ ತಂಡವಾಗಿ. ಒಂದು ಕಾಲಕ್ಕೆ ಅದರ ಜೆರ್ಸಿಯ ಬಣ್ಣ ಅದು. 1902ರ ಹೊತ್ತಿಗೆ ಕ್ಲಬ್ ದಿವಾಳಿ ಅಂಚಿಗೆ ಬಂದಿತ್ತು. ಆಗ ಕಾಪಾಡಿದವರು ಜಾನ್ ಹೆನ್ರಿ ಡೇವಿಸ್ ಎಂಬ ಬಿಯರ್ ಕಂಪನಿ ಮಾಲೀಕರು. ಅವರನ್ನು ಹುಡುಕಿಕೊಟ್ಟದ್ದು ಒಂದು ನಾಯಿ ಅಂತ ಹಳಬರು ಹೇಳುವ ಕಥೆ. ಕ್ಯಾಪ್ಟನ್ ಹ್ಯಾರಿ ಸ್ಟಾಫರ್ಡ್ ಅವರ ಸೇಂಟ್ ಬರ್ನಾರ್ಡ್ ನಾಯಿ ತಪ್ಪಿಸಿಕೊಂಡು ಹೋಗಿ ಡೇವಿಸ್ ಕೈಗೆ ಸಿಕ್ಕಿತಂತೆ. ನಾಯಿ ವಾಪಸ್ ಬಂತು, ಜೊತೆಗೆ ಹಣವೂ ಬಂತು. ಇವತ್ತು ಮಾಲೀಕರ ಯೋಗ್ಯತೆ ಅಳೆಯಲು ಇಂಗ್ಲೆಂಡಿನ ಅತಿ ಮೇಲಿನ ದರ್ಜೆಯ ಪ್ರೀಮಿಯರ್ ಲೀಗ್ ದೊಡ್ಡ ಪರೀಕ್ಷೆಯನ್ನೇ ಇಟ್ಟಿದೆ. ನಾಯಿ ಮಾಡಿದ ಆಯ್ಕೆಯಷ್ಟು ಒಳ್ಳೆಯ ಫಲಿತಾಂಶ ಅದರಿಂದ ಯಾವಾಗಲೂ ಬಂದಿದೆ ಅಂತ ಹೇಳಲಾರೆ.

ಡೇವಿಸ್ ಬಂದ ಮೇಲೆ ಏನಾಯಿತು ಗೊತ್ತಾ? ಕ್ಲಬ್ಬಿನ ಹೆಸರು ಬದಲಾಯಿತು. ಬಣ್ಣವೂ ಕೆಂಪಾಯಿತು. ಅಂದರೆ ಒಬ್ಬ ಮಾಲೀಕ ತಂದ ಕೆಂಪನ್ನು ಬದಿಗಿಟ್ಟು, ಅದಕ್ಕೂ ಹಿಂದಿನ ಬಣ್ಣ ತೊಟ್ಟು ಅಭಿಮಾನಿಗಳು ಇನ್ನೊಬ್ಬ ಮಾಲೀಕನ ವಿರುದ್ಧ ಧರಣಿ ಮಾಡಿದರು. ಮೊದಲಿನವರು ಉದ್ಧಾರಕರು, ಎರಡನೆಯವರು ದರೋಡೆಕೋರರು. 110 ವರ್ಷ ಕಳೆದ ಮೇಲೆ, 2012ರಲ್ಲಿ, ಕಾರ್ಡಿಫ್ ಸಿಟಿ ಕ್ಲಬ್ಬಿನ ಮಲೇಷ್ಯಾದ ಮಾಲೀಕ ವಿನ್ಸೆಂಟ್ ಟ್ಯಾನ್ ಅದೇ ಕೆಲಸ ಮಾಡಿದರು. ನೀಲಿ ಜೆರ್ಸಿಯನ್ನು ಕೆಂಪು ಮಾಡಿದರು. ಕೆಂಪು ಅದೃಷ್ಟದ ಬಣ್ಣವಂತೆ. ಮರುವರ್ಷವೇ ತಂಡ ಪ್ರೀಮಿಯರ್ ಲೀಗಿಗೆ ಏರಿತು! ಅದರ ಮರುವರ್ಷ ಇಳಿದೂ ಬಂತು. 2015ರ ಜನವರಿಯಲ್ಲಿ ಮತ್ತೆ ನೀಲಿ. ನಮ್ಮಲ್ಲಿ ಹೆಸರಿಗೆ ಒಂದು ಅಕ್ಷರ ಸೇರಿಸಿ ಸಿನಿಮಾ ಬಿಡುಗಡೆ ಮಾಡುವವರು ಇದನ್ನು ನೋಡಿ ನಗಬಾರದು.

ವಾಪಸ್ ಮ್ಯಾಂಚೆಸ್ಟರಿಗೆ. 2022ರ ನವೆಂಬರಿನಲ್ಲಿ ಗ್ಲೇಜರ್‌ಗಳು ಮಾರಾಟದ ಸುಳಿವು ಕೊಟ್ಟರು. ಒಂದು ಕಡೆ ಕತಾರಿನ ಶೇಖ್ ಜಾಸಿಂ. ನೂರಕ್ಕೆ ನೂರು ಷೇರು ಕೊಳ್ಳುತ್ತೇನೆ, ಸಾಲವೆಲ್ಲ ತೀರಿಸುತ್ತೇನೆ ಅಂದರು. ಇನ್ನೊಂದು ಕಡೆ ಮ್ಯಾಂಚೆಸ್ಟರ್ ಪಕ್ಕದಲ್ಲೇ ಹುಟ್ಟಿ ಮೊನಾಕೊದಲ್ಲಿ ನೆಲೆಸಿದ ರಾಸಾಯನಿಕ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್. ಬಾಲ್ಯದಿಂದ ಯುನೈಟೆಡ್ ಅಭಿಮಾನಿ. ಅದೇ 2022ರಲ್ಲಿ ಚೆಲ್ಸಿ ಕೊಳ್ಳಲು ನೋಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಸುಮಾರು ಒಂದು ವರ್ಷ ಅಭಿಮಾನಿಗಳು ಎರಡು ಜಾತಿಯಾದರು. ಶೇಖ್ ಪರ ನಿಂತವರಿಗೆ ಶೇಖ್ ದನಿ ಹೇಗಿದೆ ಅಂತಲೂ ಗೊತ್ತಿರಲಿಲ್ಲ. ಅದೇ ಅವರ ದೊಡ್ಡ ಅರ್ಹತೆ. ಮಾತಾಡದವರು ತಪ್ಪು ಮಾತಾಡುವುದಿಲ್ಲ. 2023ರ ಅಕ್ಟೋಬರಿನಲ್ಲಿ ಶೇಖ್ ಹಿಂದೆ ಸರಿದರು. ರ‍್ಯಾಟ್‌ಕ್ಲಿಫ್ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಷೇರು ಕೊಂಡು ಫುಟ್ಬಾಲ್ ಉಸ್ತುವಾರಿ ತಗೊಂಡರು. ಗ್ಲೇಜರ್‌ಗಳು ಎಲ್ಲಿಗೂ ಹೋಗಲಿಲ್ಲ. ಸಾಲವೂ ಅಷ್ಟೇ.

ಆದರೂ ಸಂಭ್ರಮ. ನಮ್ಮೂರ ಹುಡುಗ ಬಂದ, ಇನ್ನು ಎಲ್ಲ ಸರಿಹೋಗುತ್ತೆ! ನಮ್ಮೂರ ಹುಡುಗ ಬಂದವರೇ 250 ಜನರನ್ನು ಕೆಲಸದಿಂದ ತೆಗೆದರು. ಆಮೇಲೆ ಇನ್ನೂ 200ರವರೆಗೆ ಅಂದರು. ಫರ್ಗ್ಯುಸನ್‌ಗೆ ಕೊಡುತ್ತಿದ್ದ ಕ್ಲಬ್ಬಿನ ರಾಯಭಾರಿ ಹುದ್ದೆಯ ಹಣ ನಿಲ್ಲಿಸಿದರು. ಸೀಸನ್ ನಡುವೆಯೇ ಉಳಿದ ಟಿಕೆಟ್‌ಗಳನ್ನು 66 ಪೌಂಡಿಗೆ ಏರಿಸಿದರು. ಮಕ್ಕಳಿಗೂ ಅದೇ, ಮುದುಕರಿಗೂ ಅದೇ. ಸಿಬ್ಬಂದಿಯ ಬಿಟ್ಟಿ ಊಟ ಹೋಯಿತು, ಬದಲಿಗೆ ಹಣ್ಣು ಬಂತು. ಇತ್ತ ಕೋಚ್ ಎರಿಕ್ ಟೆನ್ ಹಾಗ್ ಒಪ್ಪಂದವನ್ನು 2024ರ ಬೇಸಿಗೆಯಲ್ಲಿ ಮುಂದುವರಿಸಿ, ಅಕ್ಟೋಬರಿನಲ್ಲಿ ಮನೆಗೆ ಕಳಿಸಿದರು. ಅದಕ್ಕೆ ಆದ ಖರ್ಚು 1 ಕೋಟಿ ಪೌಂಡಿಗಿಂತ ಜಾಸ್ತಿ. ಇಷ್ಟು ದುಡ್ಡಿಗೆ ಎಷ್ಟು ತಟ್ಟೆ ಊಟ ಬರುತ್ತದೆ ಅಂತ ಲೆಕ್ಕ ಹಾಕುವವನನ್ನೂ ಬಹುಶಃ ಆ 250ರಲ್ಲಿ ಸೇರಿಸಿ ಕಳಿಸಿದ್ದರು. 2024-25ರಲ್ಲಿ ತಂಡ 15ನೇ ಸ್ಥಾನಕ್ಕೆ ಬಂತು. ಅಭಿಮಾನಿಗಳು ಕಪ್ಪು ಬಟ್ಟೆ ತೊಟ್ಟು ಮೆರವಣಿಗೆ ಹೊರಟರು. ಹಸಿರು ಆಗಿತ್ತು, ಕೆಂಪು ಮೊದಲೇ ಇತ್ತು, ಇದು ಮೂರನೇ ಬಣ್ಣ.

ವಿದೇಶಿ ಮಾಲೀಕರೇ ಇದಕ್ಕೆಲ್ಲ ಕಾರಣ ಅಂತ ಬೈಯುವಾಗ ನಾವು ಭಾರತೀಯರು ಸ್ವಲ್ಪ ಮೆಲ್ಲಗೆ ಬೈಯಬೇಕು. ಬ್ಲ್ಯಾಕ್‌ಬರ್ನ್ ರೋವರ್ಸ್ ನಮ್ಮವರದ್ದು. ಊರಿನ ಉಕ್ಕಿನ ಸಾಹುಕಾರ ಜ್ಯಾಕ್ ವಾಕರ್ ಹಣ ಸುರಿದು 1995ರಲ್ಲಿ ಪ್ರೀಮಿಯರ್ ಲೀಗ್ ಗೆಲ್ಲಿಸಿದ ಕ್ಲಬ್ ಅದು. 2010ರ ನವೆಂಬರಿನಲ್ಲಿ ಪುಣೆಯ ಕೋಳಿ ಕಂಪನಿ ವೆಂಕೀಸ್ ಅದನ್ನು 2.3 ಕೋಟಿ ಪೌಂಡಿಗೆ ಕೊಂಡಿತು. ಮುಂದಿನ ತಿಂಗಳೇ ಕೋಚ್ ಸ್ಯಾಮ್ ಅಲರ್ಡೈಸ್ ಔಟ್. ಆಟಗಾರರು ಕೋಳಿ ಕಾಲು ಕಡಿಯುವ ಜಾಹೀರಾತು ಬಂತು. 2012ರ ಮೇ ತಿಂಗಳಲ್ಲಿ ತಂಡ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿದ್ದ ರಾತ್ರಿ, ಅಭಿಮಾನಿಗಳು ಜೀವಂತ ಕೋಳಿಯೊಂದಕ್ಕೆ ಕ್ಲಬ್ಬಿನ ಬಾವುಟ ಸುತ್ತಿ ಮೈದಾನಕ್ಕೆ ಬಿಟ್ಟರು. ಪಂದ್ಯ ನಿಂತಿತು. ಅದು ನಾಟಿಯೋ ಫಾರಂದೋ ಅಂತ ಯಾರೂ ಬರೆಯಲಿಲ್ಲ. ನಮ್ಮವರಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು.

ನ್ಯಾಯವಾಗಿ ಹೇಳಬೇಕೆಂದರೆ ವೆಂಕೀಸ್ ಹಣ ಹಾಕುತ್ತಲೇ ಬಂದಿದೆ. 20 ಕೋಟಿ ಪೌಂಡಿಗೂ ಮಿಕ್ಕಿ ಹಾಕಿದೆ. ಆದರೆ ಇಲ್ಲಿ ತನಿಖೆಯೊಂದು ಶುರುವಾಗಿ, ಇಂಗ್ಲೆಂಡಿಗೆ ಹಣ ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಬೇಕಾಯಿತು. ಲ್ಯಾಂಕಾಷೈರಿನ ಮಿಲ್ಲುಗಳ ಊರಿನ ಜನ, ಸ್ಟ್ರೈಕರ್ ಬರುತ್ತಾನೋ ಇಲ್ಲವೋ ಅಂತ ತಿಳಿಯಲು, ದೆಹಲಿಯಲ್ಲಿ ಮುಂದಿನ ತಾರೀಖು ಯಾವತ್ತು ಅಂತ ನೋಡುತ್ತಾ ಕೂತರು. ಇನ್ನೂರು ವರ್ಷ ಆಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಪ್ರತಿಫಲ ಯಾವ ಕ್ರಾಂತಿಕಾರಿಗೂ ಹೊಳೆದಿರಲಿಲ್ಲ.

ನ್ಯೂಕಾಸಲ್‌ನಲ್ಲಿ ಕಥೆ ಉಲ್ಟಾ. 14 ವರ್ಷ ಮೈಕ್ ಆಶ್ಲಿ ಎಂಬ ಇಂಗ್ಲಿಷ್ ವ್ಯಾಪಾರಿಯನ್ನು ಬೈದು ಸುಸ್ತಾಗಿದ್ದ ಜನ, 2021ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾದ ಸರ್ಕಾರಿ ನಿಧಿ ಕ್ಲಬ್ ಕೊಂಡಾಗ ಅರಬ್ಬರ ಹಾಗೆ ತಲೆಗೆ ಅಡುಗೆಮನೆಯ ಟವೆಲ್ ಸುತ್ತಿಕೊಂಡು ಕುಣಿದರು. ಅದು ಸರಿಯಲ್ಲ, ದಯವಿಟ್ಟು ಬೇಡ ಅಂತ ಕ್ಲಬ್ ಹೇಳಿತು. ಮೂರು ದಿನ ಬಿಟ್ಟು, ಬೇಕಾದರೆ ಹಾಕಿಕೊಳ್ಳಿ ಅಂದಿತು. ಸೌದಿ ಸರ್ಕಾರ ಕ್ಲಬ್ಬನ್ನು ನಿಯಂತ್ರಿಸುವುದಿಲ್ಲ ಅಂತ ಪ್ರೀಮಿಯರ್ ಲೀಗಿಗೆ ಕಾನೂನಿನ ಭರವಸೆ ಸಿಕ್ಕಿತ್ತು. ಆ ನಿಧಿಯ ಅಧ್ಯಕ್ಷರು ಸೌದಿಯ ಯುವರಾಜರೇ. ಯುವರಾಜರ ಎಡಗೈಗೆ ಬಲಗೈ ಪರಿಚಯವಿಲ್ಲ ಅಂತ ಎಲ್ಲರೂ ನಂಬಿದರು. 2025ರಲ್ಲಿ ಲೀಗ್ ಕಪ್ ಬಂತು. 70 ವರ್ಷಗಳ ನಂತರ ದೇಶದೊಳಗಿನ ಮೊದಲ ದೊಡ್ಡ ಕಪ್. ಆ ಸಂಜೆ ಮಾನವ ಹಕ್ಕುಗಳ ಮಾತೆತ್ತಲು ಯಾರಿಗೆ ಧೈರ್ಯ?

ಯುನೈಟೆಡ್ ಊರಿನದೇ ಇನ್ನೊಂದು ಕ್ಲಬ್ಬಾದ ಮ್ಯಾಂಚೆಸ್ಟರ್ ಸಿಟಿಯವರು ಇನ್ನೂ ಒಂದು ಹೆಜ್ಜೆ ಮುಂದೆ. 2023ರ ಫೆಬ್ರವರಿಯಲ್ಲಿ ಕ್ಲಬ್ಬಿನ ಮೇಲೆ ಹಣಕಾಸಿನ ನಿಯಮ ಮುರಿದ ನೂರಕ್ಕೂ ಹೆಚ್ಚು ಆರೋಪ ಬಿತ್ತು. ಮುಂದಿನ ಪಂದ್ಯಕ್ಕೆ ಅಭಿಮಾನಿಗಳು ದೊಡ್ಡ ಬ್ಯಾನರ್ ತಂದರು. ಅದರಲ್ಲಿದ್ದದ್ದು ಗೋಲು ಹೊಡೆಯುವವರಲ್ಲ. ಕ್ಲಬ್ಬಿನ ವಕೀಲರು, ಲಾರ್ಡ್ ಪ್ಯಾನಿಕ್. ಬಡಾವಣೆಗೊಂದು ಫ್ಲೆಕ್ಸ್ ಕಟ್ಟುವ ನಾವೂ ಹುಟ್ಟುಹಬ್ಬಕ್ಕೆ ಶಾಸಕರ ಫೋಟೋ ಹಾಕಿದ್ದೇವೆಯೇ ಹೊರತು ಅವರ ಜಾಮೀನು ಕೊಡಿಸಿದ ವಕೀಲರ ಫೋಟೋ ಹಾಕಿದವರಲ್ಲ.

ಇಷ್ಟೆಲ್ಲ ಯಾಕೆ, ಅಭಿಮಾನಿಗಳೇ ನಡೆಸಲಿ ಅನ್ನುವವರಿದ್ದಾರೆ. ಜರ್ಮನಿಯನ್ನು ತೋರಿಸುತ್ತಾರೆ. ಅಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಸದಸ್ಯರ ಕೈಯಲ್ಲಿರಬೇಕೆಂಬ ನಿಯಮ. 2024ರ ಆರಂಭದಲ್ಲಿ ಲೀಗಿಗೆ ಹೊರಗಿನ ಹೂಡಿಕೆದಾರರು ಬರುತ್ತಾರೆ ಅಂದಾಗ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಬಾಲು ಎಸೆದರು, ರಿಮೋಟ್ ಕಾರು ಬಿಟ್ಟರು. ಫುಟ್ಬಾಲ್ ಒಂದನ್ನು ಬಿಟ್ಟು ಎಲ್ಲ ಆಟವೂ ನಡೆಯಿತು. ಹೂಡಿಕೆ ಮಾತುಕತೆ ರದ್ದಾಯಿತು. ಇದು ಗೆಲುವೇ, ನಗುವ ವಿಷಯವಲ್ಲ.

ಇಂಗ್ಲೆಂಡಿನಲ್ಲೂ ಒಂದು ಪ್ರಯೋಗ ಆಗಿದೆ. ಕೆಂಟ್‌ನಲ್ಲಿ ಎಬ್ಸ್‌ಫ್ಲೀಟ್ ಯುನೈಟೆಡ್ ಅಂತ ಸಣ್ಣ ಕ್ಲಬ್. 2008ರಲ್ಲಿ 27 ಸಾವಿರಕ್ಕೂ ಹೆಚ್ಚು ಜನ ತಲಾ 35 ಪೌಂಡ್ ಹಾಕಿ ಅದನ್ನು ಕೊಂಡರು. ಬಹಳ ಜನ ಆ ಊರು ಎಲ್ಲಿದೆ ಅಂತಲೂ ನೋಡಿರಲಿಲ್ಲ. ತಂಡದ ಹನ್ನೊಂದು ಜನರನ್ನೂ ಮತ ಹಾಕಿ ಆರಿಸಬೇಕು ಅನ್ನೋದು ಮೊದಲಿನ ಆಸೆ. ಪುಣ್ಯಕ್ಕೆ ಆ ಕೆಲಸ ಕೋಚ್ ಕೈಯಲ್ಲೇ ಉಳಿಯಿತು. ಅದೇ ವರ್ಷ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಸಣ್ಣ ಕ್ಲಬ್ಬುಗಳ ಎಫ್‌ಎ ಟ್ರೋಫಿ ಗೆದ್ದರು. ಎಲ್ಲರೂ ಮಾಲೀಕರು, ಎಲ್ಲರೂ ಚಾಂಪಿಯನ್ನರು. ಮರುವರ್ಷ ಮತ್ತೆ 35 ಪೌಂಡ್ ಕಟ್ಟಿ ಅಂದಾಗ ಬಹುಪಾಲು ಮಾಲೀಕರು ಫೋನ್ ಎತ್ತದ ಸ್ಥಿತಿ. 2013ರಲ್ಲಿ, ಉಳಿದವರು ಮತ ಹಾಕಿ ಬಿಟ್ಟುಕೊಟ್ಟರು, ಕ್ಲಬ್ ಕುವೈತಿನ ಹೂಡಿಕೆದಾರರ ಕೈಸೇರಿತು. ಜೆರ್ಸಿಗೆ 80 ಪೌಂಡ್ ಕೊಡುವ ಭಕ್ತಿ, ಕ್ಲಬ್ಬಿಗೆ 35 ಪೌಂಡ್ ಅಂದಾಗ ಚೌಕಾಸಿಗೆ ಕೂರುತ್ತದೆ.

ನಮ್ಮಲ್ಲಂತೂ ಈ ಚರ್ಚೆಗೆ ಬಂಗಾರದಂಥ ಅವಕಾಶ ಬಂದಿತ್ತು. 2025ರಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಸುವ ಹಕ್ಕಿನ ಒಪ್ಪಂದ ಮುಗಿಯುವ ಹೊತ್ತು. ಜುಲೈನಲ್ಲಿ ಲೀಗ್ ತಡೆಹಿಡಿದರು. ಆಗಸ್ಟಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಆಮೇಲೆ ಭಾರತದ ಫುಟ್ಬಾಲ್ ಫೆಡರೇಷನ್ ಟೆಂಡರ್ ಕರೆಯಿತು. ಒಂದು ಕ್ಲಬ್ಬಲ್ಲ, ಇಡೀ ಲೀಗನ್ನೇ ನಡೆಸಿ ಅಂತ. ಶೇಖ್ ಬಂದಿದ್ದರೆ ಏನಾಗುತ್ತಿತ್ತು, ರ‍್ಯಾಟ್‌ಕ್ಲಿಫ್ ಎಲ್ಲಿ ಎಡವಿದರು ಅಂತ ಚರ್ಚ್ ಸ್ಟ್ರೀಟಿನ ಪಬ್ಬಿನಲ್ಲಿ ಅಂಕಿಅಂಶ ಸಮೇತ ಹೇಳುವವರು ಬೇಕಾದಷ್ಟು ಜನ ಇದ್ದರು. ಬಂದ ಬಿಡ್ ಸೊನ್ನೆ. ಕೊನೆಯ ದಿನ ನವೆಂಬರ್ 7, ಶುಕ್ರವಾರ. ಶನಿವಾರ ಯುನೈಟೆಡ್‌ಗೆ ಟಾಟನ್‌ಹ್ಯಾಮ್ ಜೊತೆ ಪಂದ್ಯವಿತ್ತು. ಟೇಬಲ್ ಮೊದಲೇ ಬುಕ್ ಆಗಿತ್ತು.